ಉಂಡದ್ದು ಮೈಗೆ ಹತ್ತದಾಗ



ಆಳಂದ ತಾಲೂಕಿನ ನಿಂಬರ್ಗಾ ನಮ್ಮೂರು. ಸುಮಾರು ಮೂವತ್ತು ವರ್ಷದ ಹಿಂದೆ ಅಲ್ಲಿ, ನಮ್ಮ ಮನೆಯ ಪಡಸಾಲೆಯಲ್ಲಿ ಕೇಳಿದ ಒಂದು ಮಾತು ನನ್ನನ್ನು ಈ ವಿಷಯಕ್ಕೆ ಎಳೆದು ತಂದಿತು. ನಾಗರ ಪಂಚಮಿಗೆ ಅತ್ತಿ, ಅಂದರೆ ಅಪ್ಪನ ತಂಗಿ, ತವರಿಗೆ ಬಂದಿದ್ದಳು. ಅದರ ಹಿಂದಿನ ಎರಡು ವರ್ಷ ಆಕೆಗೆ ಬರಲು ಆಗಿರಲಿಲ್ಲ. ಗಂಟು ಕೆಳಗಿಟ್ಟವಳೇ ಕಟ್ಟೆಯ ಮೇಲೆ ಕೂತಿದ್ದ ಮುತ್ಯಾನ, ಅಂದರೆ ನಮ್ಮ ಅಜ್ಜನ, ಕೈ ಹಿಡಿದಳು. ಆ ಮಣಿಕಟ್ಟು ಅವಳ ಎರಡು ಬೆರಳಿನ ನಡುವೆ ಸಿಕ್ಕಿಬಿಟ್ಟಿತು. ಕೆಲವೇ ವರ್ಷದ ಹಿಂದೆ ತೊಗರಿ ಚೀಲವನ್ನು ಒಬ್ಬನೇ ಹೆಗಲಿಗೇರಿಸಿದ ಮನುಷ್ಯ ಅವನು. ಅತ್ತಿ ಅಳುತ್ತ ಒಳಗೆ ಬಂದು ಅವ್ವನನ್ನು ಕೇಳಿದಳು: "ವೈನಿ, ನಮ್ಮಪ್ಪಗ ಹೊಟ್ಟಿತುಂಬ ಉಣ್ಲಾಕ ಹಾಕ್ತೀರೋ ಇಲ್ಲೋ?"

ಅವ್ವ ಏನೂ ಅನ್ನಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಕೈ ಒಂದು ಗಳಿಗೆ ನಿಂತಿತು, ಮತ್ತೆ ಬಡಿಯತೊಡಗಿತು. ಆ ಸಪ್ಪಳ ಹಿಂದಿನದಕ್ಕಿಂತ ಜೋರಾಗಿತ್ತು ಎಂಬುದು ನನಗೆ ಚೆನ್ನಾಗಿ ನೆನಪಿದೆ.

ಮುತ್ಯಾನಿಗೆ ಕಂಪವಾತ. ಡಾಕ್ಟರರು ಅದನ್ನು ಪಾರ್ಕಿನ್ಸನ್ ಕಾಯಿಲೆ ಎಂದು ಬರೆದುಕೊಟ್ಟಿದ್ದರು. ಬಲಗೈ ಸುಮ್ಮನೆ ಇಟ್ಟಾಗಲೂ ನಡುಗುತ್ತಿತ್ತು. ನಡಿಗೆ ಸಣ್ಣದಾಗಿತ್ತು, ಮುಖದ ಮೇಲಿನ ನಗು ಮಾಸಿತ್ತು. ಆದರೆ ಊಟ? ಅವ್ವ ರೊಟ್ಟಿ ಮುರಿದು, ಬ್ಯಾಳಿಯಲ್ಲಿ ನೆನೆಸಿ, ತುಪ್ಪ ಹಾಕಿ, ಅರ್ಧ ತಾಸು ಮುಂದೆ ಕೂತು ಉಣಿಸುತ್ತಿದ್ದಳು. ಅವನು ಉಣ್ಣುತ್ತಿದ್ದ. ಉಂಡರೂ ಮೈ ಇಳಿಯುತ್ತಲೇ ಹೋಯಿತು. ಓಣಿಯವರು ಅವ್ವನೆದುರು "ಪಾಪ, ಉಂಡದ್ದು ಮೈಗಿ ಹತ್ತವಲ್ದು" ಎನ್ನುತ್ತಿದ್ದರು. ಹಿಂದಿನಿಂದ ಆಡುತ್ತಿದ್ದ ಮಾತು ಬೇರೆ. ಅತ್ತಿ ಕೇಳಿದ್ದೂ ಅದನ್ನೇ.

ಮುಂದೆ ನಾನು ಶರೀರಕ್ರಿಯಾ ಶಾಸ್ತ್ರ ಓದಿದೆ, ಅದನ್ನೇ ಕಲಿಸುವ ಮೇಷ್ಟ್ರಾದೆ. ಅವ್ವನ ಮೇಲೆ ಬಂದ ಆ ಆರೋಪಕ್ಕೆ ವಿಜ್ಞಾನದಲ್ಲಿ ಉತ್ತರವಿದೆ ಎಂದು ಗೊತ್ತಾಗಲು ಎಷ್ಟೋ ವರ್ಷ ಹಿಡಿಯಿತು. ಇವತ್ತು ಅದನ್ನು ಹೇಳಲು ಬಂದಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಇಂಥದೇ ಮಾತು ಕೇಳಿಸಿಕೊಂಡು ಸುಮ್ಮನೆ ರೊಟ್ಟಿ ಬಡಿಯುತ್ತಿರುವ ಇನ್ನೊಬ್ಬ ಸೊಸೆಯ ಮನೆಯಲ್ಲಿ ಈ ರೇಡಿಯೊ ಹಚ್ಚಿರಬಹುದು.

ನಾವು ಉಂಡ ಅನ್ನ ಮೈಯಲ್ಲಿ ಒಡೆದು ಶಕ್ತಿಯಾಗುವುದು, ಆ ಶಕ್ತಿಯಿಂದ ಮಾಂಸ ಮಜ್ಜೆ ಕಟ್ಟುವುದು, ಕಟ್ಟಿದ್ದು ಮತ್ತೆ ಕರಗುವುದು, ಇವೆಲ್ಲವನ್ನೂ ಸೇರಿಸಿ ಚಯಾಪಚಯ ಎನ್ನುತ್ತಾರೆ. ಶಬ್ದ ದೊಡ್ಡದು, ಕೆಲಸ ಒಲೆಯದು. ಹಾಕಿದ ಕಟ್ಟಿಗೆ ಎಷ್ಟು, ಉರಿ ಎಷ್ಟು, ಉಳಿದ ಕೆಂಡ ಎಷ್ಟು ಎಂಬ ಲೆಕ್ಕ. ನಮ್ಮ ಮೆದುಳಿನ ತೂಕ ಮೈತೂಕದ ನೂರರಲ್ಲಿ 2 ಪಾಲು. ಅದು ಸುಡುವ ಶಕ್ತಿ ಮಾತ್ರ ನೂರರಲ್ಲಿ ಹತ್ತಿರ ಹತ್ತಿರ 20 ಪಾಲು. ಇಷ್ಟು ಹಸಿವಿರುವ ಅಂಗಕ್ಕೆ ರೋಗ ಬಂದರೆ ಇಡೀ ಮೈಯ ಒಲೆಯೇ ಏರುಪೇರಾಗುತ್ತದೆ.

ಜೇಮ್ಸ್ ಪಾರ್ಕಿನ್ಸನ್ ಎಂಬ ಲಂಡನ್ ವೈದ್ಯ 1817ರಲ್ಲಿ ನಡುಗುವ ಆರು ಜನರ ವಿವರ ಬರೆದ. ನಂತರದ ನೂರು ವರ್ಷಕ್ಕೂ ಹೆಚ್ಚು ಕಾಲ ವೈದ್ಯರು ನಡುಕವನ್ನೇ ನೋಡಿದರು. ತಕ್ಕಡಿಯನ್ನು ನೋಡಿದವರು ಕಡಿಮೆ. ಈಗ ಗೊತ್ತಾಗಿರುವ ಪ್ರಕಾರ ಪಾರ್ಕಿನ್ಸನ್ ರೋಗಿಗಳಲ್ಲಿ ಎಷ್ಟೋ ಜನರ ತೂಕ ರೋಗ ಗೊತ್ತಾಗುವುದಕ್ಕೂ ಮುಂಚೆಯೇ ಇಳಿಯಲು ಶುರುವಾಗಿರುತ್ತದೆ. ಇದಕ್ಕೆ ಕಾರಣ ಒಂದಲ್ಲ. ಮೂಗಿನ ವಾಸನೆ ಹೋಗುತ್ತದೆ, ಅದೂ ಕೈ ನಡುಗುವುದಕ್ಕಿಂತ ವರ್ಷಗಟ್ಟಲೆ ಮೊದಲೇ. ನಮ್ಮ ಮುತ್ಯಾ ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದರೆ ಹೊಲದ ದಾರಿಯಲ್ಲೇ ಗುರುತು ಹಿಡಿಯುತ್ತಿದ್ದವನು. ಕಡೆಕಡೆಗೆ "ಇವತ್ತ ಏನ್ ಮಾಡೀರಿ?" ಎಂದು ಕೇಳುವುದನ್ನೂ ಬಿಟ್ಟಿದ್ದ. ವಾಸನೆಯಿಲ್ಲದ ಊಟ ಬರೀ ನುಂಗುವ ಕೆಲಸ. ಹೊಟ್ಟೆ, ಕರುಳು ನಿಧಾನವಾಗುತ್ತವೆ, ಉಂಡದ್ದು ಹೊಟ್ಟೆಯಲ್ಲೇ ಕೂತುಬಿಡುತ್ತದೆ, ಮಲಬದ್ಧತೆ ಬಿಡುವುದಿಲ್ಲ. ಇದರ ಮೇಲೆ ನಡುಕ ಮತ್ತು ಸ್ನಾಯುಗಳ ಬಿಗಿತ. ಕಟ್ಟೆಯ ಮೇಲೆ ಸುಮ್ಮನೆ ಕೂತವನ ಮೈ ಒಳಗೊಳಗೇ ದುಡಿಯುತ್ತಿರುತ್ತದೆ. ಮೆದುಳಿನ ಆಳಕ್ಕೆ ತಂತಿ ಇಳಿಸಿ ನಡುಕ ತಗ್ಗಿಸುವ ಶಸ್ತ್ರಚಿಕಿತ್ಸೆ ಬಂದ ಮೇಲೆ ವೈದ್ಯರಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ನಡುಕ, ಬಿಗಿತ ಇಳಿದವರಲ್ಲಿ ಬಹಳ ಜನರ ತೂಕ ತಾನಾಗಿಯೇ ಏರತೊಡಗಿತ್ತು.

ಇಷ್ಟೆಲ್ಲ ಹೊರಗಿನ ಕಾರಣ. ಒಳಗಿನ ಕಾರಣಕ್ಕೆ ನರಕೋಶದೊಳಗೇ ಹೋಗಬೇಕು. ಅಲ್ಲಿಗೆ ಹೋಗುವ ಮೊದಲು ಅವ್ವ ಕಂಡುಹಿಡಿದ ಒಂದು ಸಂಗತಿ ಹೇಳದೆ ಮುಂದೆ ಹೋಗಲಾರೆ.

ಮುತ್ಯಾನಿಗೆ ದಿನಕ್ಕೆ ಮೂರು ಗುಳಿಗಿ. ಊಟದ ಜೊತೆಗೇ ಕೊಡುವುದು ರೂಢಿಯಾಗಿತ್ತು, ಮರೆಯಬಾರದೆಂದು. ಕೆಲವು ದಿನ ಗುಳಿಗಿ ಕೊಟ್ಟ ಮುಕ್ಕಾಲು ತಾಸಿಗೆ ಕೈ ಸಡಿಲಾಗಿ, ಎದ್ದು ಬಾಗಿಲತನಕ ನಡೆಯುತ್ತಿದ್ದ. ಕೆಲವು ದಿನ ಗುಳಿಗಿ ಕೊಟ್ಟರೂ ಕಲ್ಲಿನ ಹಾಗೆ ಕೂತಿರುತ್ತಿದ್ದ. ಒಂದು ಶಿವರಾತ್ರಿ, ಇಡೀ ಮನೆ ಉಪವಾಸ. ಮುತ್ಯಾನೂ ಹಟ ಮಾಡಿ ಉಪವಾಸ ಹಿಡಿದ. ನೀರಿನ ಜೊತೆ ಗುಳಿಗಿ ನುಂಗಿ, ಕೋಲು ಹಿಡಿದು ಗುಡಿಯವರೆಗೆ ನಡೆದೇ ಬಂದ. ಊರವರು ಶಿವನ ಕೃಪೆ ಎಂದರು. ಅವ್ವನೂ ಕೈ ಮುಗಿದಳು. ಆದರೆ ಅವಳ ತಲೆಯಲ್ಲಿ ಇನ್ನೊಂದು ಲೆಕ್ಕ ಓಡಿತ್ತು. ಮುಂದಿನ ಸೋಮವಾರದ ಒಪ್ಪತ್ತಿನ ದಿನವೂ ನೋಡಿದಳು, ಅದರ ಮುಂದಿನ ಸೋಮವಾರವೂ ನೋಡಿದಳು. ಕೊನೆಗೆ ಅಪ್ಪನಿಗೆ ಹೇಳಿದಳು: "ಬ್ಯಾಳಿ ಉಂಡ ಮ್ಯಾಲ ಕೊಟ್ರ ಮಾವಾರಿಗಿ ಗುಳಿಗಿ ಹತ್ತಂಗಿಲ್ಲ. ಬರೇ ಹೊಟ್ಟಿಲೆ ಕೊಟ್ರ ಹತ್ತತದ."

ಅಕ್ಷರ ಕಲಿತದ್ದು ನಾಲ್ಕನೇ ಇಯತ್ತೆವರೆಗೆ. ಅವಳು ಕಂಡದ್ದು ನೂರಕ್ಕೆ ನೂರು ಖರೇ.

ಪಾರ್ಕಿನ್ಸನ್ ಕಾಯಿಲೆಯಲ್ಲಿ ಮೆದುಳಿನ ನಡುಭಾಗದ ಒಂದು ಕಪ್ಪು ಪಟ್ಟಿಯಲ್ಲಿರುವ ನರಕೋಶಗಳು ಸಾಯುತ್ತವೆ. ಇವು ಡೋಪಮಿನ್ ಎಂಬ ರಾಸಾಯನಿಕ ತಯಾರಿಸುವ ಕೋಶಗಳು. ಮೈ ಸಲೀಸಾಗಿ ಚಲಿಸಲು ಅದು ಬೇಕು. ಡೋಪಮಿನ್ ಅನ್ನೇ ಗುಳಿಗಿ ಮಾಡಿ ನುಂಗಿಸಿದರೆ ಅದು ರಕ್ತದಿಂದ ಮೆದುಳಿಗೆ ದಾಟುವುದಿಲ್ಲ. ದಾಟಬಲ್ಲ ಅದರ ಹಿಂದಿನ ರೂಪ ಲೆವೊಡೋಪಾ. ಅಮೆರಿಕದಲ್ಲಿ ಜಾರ್ಜ್ ಕೊಟ್ಜಿಯಸ್ 1967ರಲ್ಲಿ ಅದನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ದೊಡ್ಡ ಪ್ರಮಾಣದಲ್ಲಿ ಕೊಟ್ಟು, ಮರಗಟ್ಟಿದ ರೋಗಿಗಳು ಏಳುವುದನ್ನು ತೋರಿಸಿದರು. ಇಂದಿಗೂ ಈ ರೋಗದ ಮುಖ್ಯ ಔಷಧ ಅದೇ. ನಮ್ಮವರಿಗೆ ಇನ್ನೊಂದು ಮಾತು ಗೊತ್ತಿರಲಿ. ಬೇಲಿಯಲ್ಲಿ ಬೆಳೆಯುವ, ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿ ಕಾಯಿಯ ಬೀಜದಲ್ಲಿ ಇದೇ ಲೆವೊಡೋಪಾ ಇದೆ. ಆ ಬೀಜದಿಂದ ಅದನ್ನು ಬೇರ್ಪಡಿಸಿ 1937ರಲ್ಲಿ ಪ್ರಕಟಿಸಿದವರು ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು. ಇದನ್ನು ಕೇಳಿ ಯಾರೂ ಬೇಲಿಗೆ ಹೋಗಿ ಬೀಜ ಕುಟ್ಟಿ ಕುಡಿಸಬೇಡಿ. ಬೀಜದಿಂದ ಬೀಜಕ್ಕೆ ಔಷಧದ ಅಳತೆ ಬದಲಾಗುತ್ತದೆ, ಗುಳಿಗಿಯ ಜೊತೆ ಸೇರಿದರೆ ಪ್ರಮಾಣ ಮೀರುತ್ತದೆ.

ಈ ಲೆವೊಡೋಪಾ ರೂಪದಲ್ಲಿ ಒಂದು ಅಮೈನೊ ಆಮ್ಲ. ಬೇಳೆ, ಹಾಲು, ಮೊಟ್ಟೆ, ಮಾಂಸದ ಪ್ರೋಟೀನು ಹೊಟ್ಟೆಯಲ್ಲಿ ಒಡೆದಾಗ ಬರುವುದೂ ಅಮೈನೊ ಆಮ್ಲಗಳೇ. ಕರುಳಿನ ಗೋಡೆ ದಾಟಲು, ಮುಂದೆ ರಕ್ತದಿಂದ ಮೆದುಳಿಗೆ ಹೋಗಲು ಇವುಗಳಲ್ಲಿ ಹಲವಕ್ಕೂ ಲೆವೊಡೋಪಾಕ್ಕೂ ಇರುವುದು ಒಂದೇ ಬಾಗಿಲು. ಎಲ್ಲಮ್ಮನ ಜಾತ್ರೆಯ ದಿನ ಗುಡಿಯ ಸಣ್ಣ ಬಾಗಿಲ ಮುಂದೆ ಮಂದಿ ನೆರೆದ ಹಾಗೆ. ಬೇಳೆಯ ಮಂದಿ ಹೆಚ್ಚಾದರೆ ಔಷಧ ಹೊರಗೇ ನಿಲ್ಲುತ್ತದೆ. ಔಷಧದೊಡನೆ ಪ್ರೋಟೀನಿನ ಈ ಪೈಪೋಟಿಯನ್ನು 1975ರಲ್ಲಿ ಮೇನಾ ಮತ್ತು ಅದೇ ಕೊಟ್ಜಿಯಸ್ ಬರೆದರು. 1984ರಲ್ಲಿ ಜಾನ್ ನಟ್ ಮತ್ತು ಸಂಗಡಿಗರು ಇನ್ನೂ ಗಟ್ಟಿ ಪುರಾವೆ ಕೊಟ್ಟರು. ಔಷಧವನ್ನು ನೇರ ರಕ್ತನಾಳಕ್ಕೆ ಬಿಟ್ಟು, ಮೈ ಸಡಿಲಾಗಿದ್ದ ರೋಗಿಗಳಿಗೆ ಪ್ರೋಟೀನಿನ ಊಟ ಕೊಟ್ಟರು. ರಕ್ತದಲ್ಲಿ ಔಷಧ ಇದ್ದಷ್ಟೇ ಇತ್ತು, ರೋಗಿ ಮಾತ್ರ ಮತ್ತೆ ಬಿಗಿದುಕೊಂಡ. ಅಂದರೆ ತಡೆ ಮೆದುಳಿನ ಬಾಗಿಲಲ್ಲೂ ಇದೆ.

ತೊಗರಿಯ ಕಣಜ ಎನ್ನಿಸಿಕೊಂಡ ಕಲಬುರಗಿ ಜಿಲ್ಲೆಯವರಿಗೆ ಇದಕ್ಕಿಂತ ಹತ್ತಿರದ ವಿಜ್ಞಾನ ಬೇರೆ ಯಾವುದಿದ್ದೀತು? ನಮ್ಮ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಮುಂಜಾನೆ ಬ್ಯಾಳಿ, ಮಧ್ಯಾಹ್ನ ಬ್ಯಾಳಿ, ರಾತ್ರಿ ಬ್ಯಾಳಿ ನಮ್ಮ ಊಟ. ಹಾಗಂತ ಬೇಳೆ ಬಿಡಿಸಬಾರದು, ಇದನ್ನು ಒತ್ತಿ ಹೇಳುತ್ತೇನೆ. ಮೊದಲೇ ಮಾಂಸ ಕರಗುತ್ತಿರುವ ರೋಗಿಗೆ ಪ್ರೋಟೀನು ನಿಲ್ಲಿಸಿದರೆ ಇನ್ನಷ್ಟು ಕರಗುತ್ತಾನೆ. ಗುಳಿಗಿಯನ್ನು ಊಟಕ್ಕೆ ಅರ್ಧ ಮುಕ್ಕಾಲು ತಾಸು ಮೊದಲು ಕೊಡುವುದು ಸರಳ ದಾರಿ. ಅದೂ ಸಾಲದೆ ಔಷಧ ಏರಿಳಿತವಾಗುವವರಿಗೆ ಹಗಲಿನ ಬೇಳೆ, ಹಾಲನ್ನು ರಾತ್ರಿಯೂಟಕ್ಕೆ ಸರಿಸುವ ಕ್ರಮವೊಂದಿದೆ, 1980ರ ದಶಕದಿಂದ ವೈದ್ಯರು ಅದನ್ನು ಬಳಸುತ್ತಿದ್ದಾರೆ. ಡಾಕ್ಟರರನ್ನು ಕೇಳಿಯೇ ಮಾಡಬೇಕು. ಅವ್ವ ಕೇಳಿಯೇ ಮಾಡಿದಳು. ಹಗಲು ರೊಟ್ಟಿ, ಪುಂಡಿಪಲ್ಯ, ಬದನೆಕಾಯಿ, ಮೇಲೆ ತುಪ್ಪ, ಬೆಲ್ಲ. ರಾತ್ರಿ ಗಟ್ಟಿ ಬ್ಯಾಳಿ, ಶೇಂಗಾ ಹಿಂಡಿ, ಒಂದು ಲೋಟ ಹಾಲು. ರಾತ್ರಿ ಮೈ ಬಿಗಿದರೂ ಚಿಂತೆಯಿಲ್ಲ, ಮಲಗುವ ಹೊತ್ತು ಎನ್ನುತ್ತಿದ್ದಳು.

ಇನ್ನು ನರಕೋಶದೊಳಗಿನ ಕಥೆ. ಪ್ರತಿ ಕೋಶದಲ್ಲೂ ಮೈಟೊಕಾಂಡ್ರಿಯ ಎಂಬ ಪುಟ್ಟ ಒಲೆಗಳಿವೆ. ಅಲ್ಲಿ ಆಹಾರದ ಸಾರ ಆಮ್ಲಜನಕದೊಡನೆ ಹಂತ ಹಂತವಾಗಿ ಸುಟ್ಟು ಶಕ್ತಿಯಾಗುತ್ತದೆ. ಮೊದಲ ಹಂತದ ಕಿಣ್ವಕ್ಕೆ ಕಾಂಪ್ಲೆಕ್ಸ್-1 ಎಂದು ಹೆಸರು. 1980ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಳ್ಳ ಮಾದಕದ್ರವ್ಯ ಚುಚ್ಚಿಕೊಂಡ ಕೆಲವು ಯುವಕರು ದಿನಗಳಲ್ಲೇ ಪಾರ್ಕಿನ್ಸನ್ ರೋಗಿಗಳಂತೆ ಮರಗಟ್ಟಿಹೋದರು. ಡಾಕ್ಟರ್ ವಿಲಿಯಂ ಲ್ಯಾಂಗ್‌ಸ್ಟನ್ ಮತ್ತು ಸಂಗಡಿಗರು 1983ರಲ್ಲಿ ಅದಕ್ಕೆ ಕಾರಣವಾದ ಕಲಬೆರಕೆ ವಸ್ತುವನ್ನು ಗುರುತಿಸಿದರು. ಅದು ಕಾಂಪ್ಲೆಕ್ಸ್-1 ಅನ್ನು ಕೆಡಿಸುವ ವಿಷ ಎಂದು ಮುಂದೆ ತಿಳಿಯಿತು. 1989ರಲ್ಲಿ ಲಂಡನ್ನಿನ ಸಂಶೋಧಕರು, ಯಾವ ವಿಷವನ್ನೂ ಮುಟ್ಟದ ಸಾಧಾರಣ ಪಾರ್ಕಿನ್ಸನ್ ರೋಗಿಗಳ ಮೆದುಳಿನ ಕಪ್ಪು ಪಟ್ಟಿಯಲ್ಲೂ ಅದೇ ಕಿಣ್ವ ಸೊರಗಿರುವುದನ್ನು ಕಂಡರು. ಒಲೆ ಕೆಟ್ಟ ಕೋಶ ಮೊದಲು ದಣಿಯುತ್ತದೆ, ಆಮೇಲೆ ಸಾಯುತ್ತದೆ. ಕೈ ನಡುಗಲು ಶುರುವಾಗುವಷ್ಟರಲ್ಲಿ ಆ ಪಟ್ಟಿಯ ಕೋಶಗಳಲ್ಲಿ ಅರ್ಧದಷ್ಟಾದರೂ ಹೋಗಿರಬಹುದು.

ಈ ಕೆಲಸದಲ್ಲಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಪಾಲು ದೊಡ್ಡದು. ಅಲ್ಲಿ 1995ರಲ್ಲಿ ಡಾಕ್ಟರ್ ಎಸ್. ಕೆ. ಶಂಕರ್ ಅವರು ಮಾನವ ಮೆದುಳಿನ ಬ್ಯಾಂಕು ಕಟ್ಟಿದರು. ತೀರಿಕೊಂಡವರ ಮೆದುಳನ್ನು ಮನೆಯವರ ಒಪ್ಪಿಗೆಯಿಂದ ಪಡೆದು, ಶೀತದಲ್ಲಿ ಕಾಪಿಟ್ಟು, ಸಂಶೋಧನೆಗೆ ಒದಗಿಸುವ ಜಾಗ ಅದು. ಎದೆ ಒಡೆದು ನಿಂತ ಗಳಿಗೆಯಲ್ಲಿ "ತಗೊಳ್ರಿ, ಮುಂದಿನವರಿಗೆ ಉಪಯೋಗ ಆಗಲಿ" ಎಂದ ಮನೆಯವರ ಔದಾರ್ಯದ ಮೇಲೆ ಆ ಬ್ಯಾಂಕು ನಿಂತಿದೆ. ಅಲ್ಲಿನ ವಿಜ್ಞಾನಿ ಎಂ. ಎಂ. ಶ್ರೀನಿವಾಸ್ ಭರತ್ ಮತ್ತು ಸಂಗಡಿಗರು ಆ ಮೆದುಳುಗಳನ್ನೇ ಪರೀಕ್ಷಿಸಿ, ವಯಸ್ಸಾದಂತೆ ಕಪ್ಪು ಪಟ್ಟಿಯಲ್ಲಿ ಮೆದುಳಿನ ಇನ್ನೊಂದು ಭಾಗಕ್ಕಿಂತ ಹೆಚ್ಚಿನ ಉತ್ಕರ್ಷಣ ಹಾನಿ ಆಗುವುದನ್ನು, ಅದನ್ನು ತಡೆಯುವ ಶಕ್ತಿ ಕುಂದುವುದನ್ನು 2012ರಲ್ಲಿ ತೋರಿಸಿದರು. ಒಲೆಯ ಕಿಡಿ ಸಿಡಿದು ಗುಡಿಸಲಿಗೆ ತಾಗುವ ಹಾಗೆ ಅದು. ಮೆದುಳಿನಲ್ಲಿ ಆ ಜಾಗವೇ ಯಾಕೆ ಮೊದಲು ಬೀಳುತ್ತದೆ ಎಂಬ ಪ್ರಶ್ನೆಗೆ ಇದು ಒಂದು ಉತ್ತರ.

ಇದಕ್ಕಿಂತ ಮೊದಲಿನ ಇನ್ನೊಂದು ಕೆಲಸ ನನಗೆ ಬಹಳ ಪ್ರೀತಿಯದು, ಯಾಕೆಂದರೆ ಅದರಲ್ಲೂ ಒಂದು ಬೇಳೆ ಬರುತ್ತದೆ. ಕೇಸರಿ ಬೇಳೆ. ನೋಡಲು ತೊಗರಿ ಬೇಳೆಯ ಹಾಗೇ ಇರುತ್ತದೆ, ಅದಕ್ಕೇ ಕಲಬೆರಕೆದಾರರಿಗೆ ಇಷ್ಟ. ಮಳೆ ಕೈಕೊಟ್ಟಾಗಲೂ ಆ ಬೆಳೆ ಸಾಯುವುದಿಲ್ಲ. ಹಾಗಾಗಿ ಮಧ್ಯ ಭಾರತದಲ್ಲಿ ಬರಗಾಲ ಬಂದಾಗಲೆಲ್ಲ ಬಡವರು ತಿಂಗಳುಗಟ್ಟಲೆ ಅದನ್ನೇ ಉಂಡರು, ಉಂಡವರಲ್ಲಿ ಎಷ್ಟೋ ಜನರ ಕಾಲು ಬಿಗಿದು ಮತ್ತೆ ನಡೆಯಲಾಗಲಿಲ್ಲ. 1961ರಲ್ಲಿ ಅದರ ಮಾರಾಟಕ್ಕೆ ನಿಷೇಧ ಬಂತು. ಆ ಬೇಳೆಯ ವಿಷ ನರಕೋಶದಲ್ಲಿ ಮೊದಲು ಎಲ್ಲಿ ಹೊಡೆಯುತ್ತದೆ? ನಿಮ್ಹಾನ್ಸ್‌ನಲ್ಲಿ ವಿಜಯಲಕ್ಷ್ಮಿ ರವೀಂದ್ರನಾಥ್ ಮತ್ತು ಸಂಗಡಿಗರು ಇಲಿಗಳ ಮೇಲೆ ಪ್ರಯೋಗ ಮಾಡಿ 1998ರಲ್ಲಿ ಹೇಳಿದರು: ಅದೇ ಕಾಂಪ್ಲೆಕ್ಸ್-1ಕ್ಕೆ. ಅದೂ ಎಲ್ಲ ಕಡೆ ಅಲ್ಲ, ಕಾಲನ್ನು ಆಡಿಸುವ ಮೆದುಳಿನ ಭಾಗದಲ್ಲಿ ಮತ್ತು ಬೆನ್ನುಹುರಿಯ ಸೊಂಟದ ಭಾಗದಲ್ಲಿ. ಕೋಶ ಸಾಯುವ ಮೊದಲೇ ಒಲೆ ಆರಿರುತ್ತದೆ. ಒಂದು ರೋಗ ಬರಗಾಲದ ತಟ್ಟೆಯಿಂದ ಬಂದದ್ದು, ಇನ್ನೊಂದು ಕಾರಣ ತಿಳಿಯದೆ ಮುಪ್ಪಿನಲ್ಲಿ ಬಂದದ್ದು. ಎರಡೂ ಮೊದಲು ಕೈ ಹಾಕಿದ್ದು ಒಂದೇ ಕಿಣ್ವಕ್ಕೆ.

ಇಲ್ಲಿ ಔಷಧ ಹೊಡೆಯುವ ರೈತರಿಗೆ ಒಂದು ಮಾತು. ರೊಟೆನೋನ್ ಎಂಬ ಕೀಟನಾಶಕ ಕಾಂಪ್ಲೆಕ್ಸ್-1 ಅನ್ನೇ ತಡೆಯುತ್ತದೆ. ಅದನ್ನು ಕೊಟ್ಟ ಇಲಿಗಳಿಗೆ ಪಾರ್ಕಿನ್ಸನ್ ಲಕ್ಷಣ ಬಂದದ್ದನ್ನು 2000ದಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದರು. ಪ್ಯಾರಾಕ್ವಾಟ್ ಕಳೆನಾಶಕವನ್ನು ಬಳಸಿದವರಲ್ಲಿಯೂ ರೋಗ ಹೆಚ್ಚು ಕಂಡದ್ದು 2011ರಲ್ಲಿ ಅಲ್ಲಿನದೇ ಇನ್ನೊಂದು ಅಧ್ಯಯನದಿಂದ ತಿಳಿಯಿತು. ತೊಗರಿಗೆ ಕಾಯಿಕೊರಕ ಬಿದ್ದಾಗ ಬರಿಗೈಯಲ್ಲಿ ಔಷಧ ಕಲೆಸಿ, ಗಾಳಿಗೆದುರಾಗಿ ಹೊಡೆಯುವವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಕೈಗವಸು ಹಾಕಿರಿ, ಮೂಗು ಬಾಯಿ ಕಟ್ಟಿರಿ, ಗಾಳಿಗೆ ಬೆನ್ನು ಮಾಡಿ ನಿಂತು ಹೊಡೆಯಿರಿ. ಕೈ ಕಾಲು ತೊಳೆಯದೆ ಬುತ್ತಿ ಬಿಚ್ಚಬೇಡಿರಿ.

ಉಂಡದ್ದು ಮೈಗೆ ಹತ್ತದ ಕಾಯಿಲೆ ಪಾರ್ಕಿನ್ಸನ್ ಒಂದೇ ಅಲ್ಲ. ತಲೆಮಾರಿನಿಂದ ಇಳಿದು ಬರುವ ಹಂಟಿಂಗ್ಟನ್ ಕಾಯಿಲೆಯವರು ಚೆನ್ನಾಗಿ ಉಂಡರೂ ಸೊರಗುತ್ತಾರೆ. ಎಲ್ಲಕ್ಕಿಂತ ಕ್ರೂರವಾದದ್ದು ಚಲನ ನರಕೋಶದ ಕಾಯಿಲೆ, ವೈದ್ಯರು ಎಂಎನ್‌ಡಿ, ಎಎಲ್‌ಎಸ್ ಎನ್ನುವುದು. ಕೈ, ಕಾಲು, ನಾಲಗೆ, ಕೊನೆಗೆ ಉಸಿರಿನ ಸ್ನಾಯುಗಳು ಒಂದೊಂದಾಗಿ ಸೋಲುತ್ತವೆ. ನಿಮ್ಹಾನ್ಸ್‌ನ ಡಾಕ್ಟರ್ ಎ. ನಳಿನಿ, ಡಾಕ್ಟರ್ ಎಂ. ಗೌರಿದೇವಿ ಮುಂತಾದವರು ಮೂವತ್ತು ವರ್ಷದಲ್ಲಿ ತಮ್ಮಲ್ಲಿಗೆ ಬಂದ 1153 ರೋಗಿಗಳ ವಿವರವನ್ನು 2008ರಲ್ಲಿ ಒಟ್ಟುಗೂಡಿಸಿದರು. ನಮ್ಮಲ್ಲಿ ಇದು ಸರಾಸರಿ 46ರ ಸುಮಾರಿಗೇ ಶುರುವಾಗುತ್ತದೆ, ಪಶ್ಚಿಮದ ದೇಶಗಳಿಗಿಂತ ಚಿಕ್ಕ ವಯಸ್ಸಿಗೆ. ಮಕ್ಕಳ ಮದುವೆ ಇನ್ನೂ ಆಗಿರದ, ಹೊಲದ ಸಾಲ ಇನ್ನೂ ತೀರಿರದ ವಯಸ್ಸು. ಅದೇ ಸಂಸ್ಥೆಯ ಟಿ. ಆರ್. ರಾಜು, ಫಲ್ಗುಣಿ ಆನಂದ್ ಅಳ್ಳಾಡಿ ಮುಂತಾದವರು ರೋಗಿಗಳ ಬೆನ್ನುಹುರಿಯ ನೀರನ್ನು ಇಲಿಯ ನರಕೋಶಗಳಿಗೆ ತಾಗಿಸಿ, ಆ ನೀರಿನಲ್ಲೇ ನರಕೋಶಕ್ಕೆ ಕೇಡು ಮಾಡುವ ಅಂಶವಿದೆ ಎಂದು ವರ್ಷಗಟ್ಟಲೆ ಬೆನ್ನುಹತ್ತಿ ತೋರಿಸಿದರು.

ಈ ರೋಗದಲ್ಲಿ ಮಾಂಸ ಕರಗುತ್ತದೆ, ಓಡಾಟ ನಿಲ್ಲುತ್ತದೆ. ಹಾಗಿದ್ದರೆ ಮೈ ಸುಡುವ ಶಕ್ತಿಯೂ ಕಡಿಮೆಯಾಗಬೇಕಲ್ಲವೇ? ಅದನ್ನು ಅಳೆಯುವ ರೀತಿ ಹೀಗಿದೆ. ರೋಗಿಯನ್ನು ಬೆಳಗಿನ ಹೊತ್ತು, ಬರಿಹೊಟ್ಟೆಯಲ್ಲಿ, ಆರಾಮಾಗಿ ಮಲಗಿಸುತ್ತಾರೆ. ತಲೆಯ ಮೇಲೆ ಗಾಜಿನ ಗುಮ್ಮಟದಂಥ ತೆಳು ಮುಚ್ಚಳ ಇಡುತ್ತಾರೆ. ಉಸಿರಿನಲ್ಲಿ ಎಷ್ಟು ಆಮ್ಲಜನಕ ಖರ್ಚಾಯಿತು, ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಬಂತು ಎಂದು ಯಂತ್ರ ಅಳೆಯುತ್ತದೆ. ಸುಮ್ಮನೆ ಮಲಗಿದ ಮೈ ಎಷ್ಟು ಸುಡುತ್ತಿದೆ ಎಂಬ ಲೆಕ್ಕ ಅದರಿಂದ ಸಿಗುತ್ತದೆ. ಸೂಜಿ ಇಲ್ಲ, ನೋವಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 58 ರೋಗಿಗಳನ್ನೂ ಅಷ್ಟೇ ಆರೋಗ್ಯವಂತರನ್ನೂ ಹೀಗೆ ಅಳೆದು 2018ರಲ್ಲಿ ಪ್ರಕಟಿಸಿದರು. ಆರೋಗ್ಯವಂತರಲ್ಲಿ ನೂರಕ್ಕೆ 12 ಜನರ ಮೈ ಮಾತ್ರ ಲೆಕ್ಕಕ್ಕಿಂತ ಹೆಚ್ಚು ಸುಡುತ್ತಿತ್ತು. ರೋಗಿಗಳಲ್ಲಿ ನೂರಕ್ಕೆ 41. ಹೆಚ್ಚು ಸುಡುವವರು ಬೇಗ ಕುಸಿಯುತ್ತಿದ್ದರು.

ಹಾಗಾದರೆ ಹೆಚ್ಚು ಉಣಿಸಿದರೆ ಆಯುಷ್ಯ ಏರೀತೇ? ಜರ್ಮನಿಯಲ್ಲಿ ಸುಮಾರು 200 ರೋಗಿಗಳಿಗೆ ಕೊಬ್ಬು ಹೆಚ್ಚಿರುವ ಪೇಯ ಕೊಟ್ಟು ನೋಡಿದ ಫಲಿತಾಂಶ 2020ರಲ್ಲಿ ಬಂತು. ಎಲ್ಲರನ್ನೂ ಸೇರಿಸಿ ನೋಡಿದರೆ ಆಯುಷ್ಯ ಹೆಚ್ಚಿದ್ದು ಸಾಬೀತಾಗಲಿಲ್ಲ. ರೋಗ ವೇಗವಾಗಿ ಏರುತ್ತಿದ್ದವರಲ್ಲಿ ಮಾತ್ರ ಲಾಭ ಕಂಡಿತು. ತುಪ್ಪದಿಂದ ರೋಗ ವಾಸಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತೂಕ ಕಳೆದುಕೊಳ್ಳಲು ಬಿಡಬಾರದು ಎನ್ನುವುದನ್ನು ಮಾತ್ರ ಇವತ್ತು ಯಾವ ತಜ್ಞರೂ ಅಲ್ಲಗಳೆಯುವುದಿಲ್ಲ.

ಮರೆವಿನ ಕಾಯಿಲೆಗೂ ಈ ಒಲೆಗೂ ನಂಟಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜು ಇದ್ದವರಿಗೆ ಮುಪ್ಪಿನಲ್ಲಿ ಮರೆವು ಬರುವ ಅಪಾಯ ಹೆಚ್ಚು. ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಜನರಿಗೆ ಡಿಮೆನ್ಷಿಯಾ ಇದೆ, ಅಂದರೆ 88 ಲಕ್ಷ ಜನ, ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜು ಹೇಳುತ್ತದೆ. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಇದರ ಬೇರು ಹುಡುಕಲು ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಒಂದು ದೊಡ್ಡ ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರ 45 ದಾಟಿದ 10,000 ಹಳ್ಳಿಗರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿ ಇಟ್ಟುಕೊಂಡು 2018ರಲ್ಲಿ ಇದನ್ನು ಆರಂಭಿಸಿತು. ರಕ್ತ, ತೂಕ, ಊಟ, ನೆನಪಿನ ಶಕ್ತಿ, ಮೆದುಳಿನ ಚಿತ್ರ ಎಲ್ಲವನ್ನೂ ದಾಖಲಿಸುತ್ತಾರೆ. ಇದನ್ನು ಕಟ್ಟಿದವರು ಕೇಸರಿ ಬೇಳೆಯ ಕೆಲಸ ಮಾಡಿದ ಅದೇ ವಿಜಯಲಕ್ಷ್ಮಿ ರವೀಂದ್ರನಾಥ್.

ಶ್ರೀನಿವಾಸಪುರದ ಸುದ್ದಿ ಓದಿದಾಗಲೆಲ್ಲ ನನಗೆ ನಿಂಬರ್ಗಾ ನೆನಪಾಗುತ್ತದೆ. ಅವರು ರಾಗಿ ಮುದ್ದೆ ಉಣ್ಣುವವರು, ಮಾವಿನ ತೋಟದ ನೆರಳಿನವರು. ನಾವು ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಶೇಂಗಾದ ಎಣ್ಣೆ ಉಣ್ಣುವವರು, ಮೇ ತಿಂಗಳ ಬಿಸಿಲಿನವರು. ಅವರ ಲೆಕ್ಕ ನಮಗೆ ಪೂರ್ತಿ ಹೊಂದುತ್ತದೆ ಎಂದು ಹೇಗೆ ಹೇಳುವುದು? ಕಲ್ಯಾಣ ಕರ್ನಾಟಕದಲ್ಲೂ ಒಂದು ಇಂಥ ಅಧ್ಯಯನ ಆಗಬೇಕು. ಕಲಬುರಗಿಯಲ್ಲಿ ವೈದ್ಯಕೀಯ ಕಾಲೇಜುಗಳಿವೆ, ಆಳಂದ ತಾಲೂಕಿನ ಕಡಗಂಚಿಯಲ್ಲೇ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ನಿಮ್ಹಾನ್ಸ್ ಜೊತೆ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮ ಜಿಲ್ಲಾ ಆಸ್ಪತ್ರೆಗಳಿಗೂ ಬರುತ್ತಿದೆ. ಮುಂದೊಂದು ದಿನ ಯಾರಾದರೂ ಸಂಶೋಧಕರು ಬಾಗಿಲಿಗೆ ಬಂದು, "ನಿಮ್ಮ ತೂಕ ನೋಡ್ತೀವ್ರಿ, ಏನ್ ಉಂಡೀರಿ ಹೇಳ್ರಿ" ಎಂದರೆ ಹಿಂದಕ್ಕೆ ಕಳಿಸಬೇಡಿರಿ.

ಅಲ್ಲಿಯವರೆಗೆ ಮನೆಯಲ್ಲೇ ಮಾಡಬಹುದಾದ ಅಳತೆಯೊಂದಿದೆ. ತಿಂಗಳಿಗೊಮ್ಮೆ, ಒಂದೇ ತಕ್ಕಡಿಯಲ್ಲಿ, ಒಂದೇ ಹೊತ್ತಿಗೆ ರೋಗಿಯ ತೂಕ ನೋಡಿ ಬರೆದಿಡುವುದು. 60 ಕಿಲೊ ಇದ್ದವರು ಆರು ತಿಂಗಳಲ್ಲಿ 3 ಕಿಲೊ ಇಳಿದರೆ ಕಾಯದೆ ಡಾಕ್ಟರರ ಬಳಿ ಹೋಗಿರಿ, ಬರೆದ ಹಾಳೆಯನ್ನೂ ಒಯ್ಯಿರಿ. ನುಂಗುವಾಗ ಕೆಮ್ಮು ಬರುತ್ತಿದ್ದರೆ ಅದನ್ನೂ ಹೇಳಿರಿ. ಅಂಥವರಿಗೆ ನೀರಿಗಿಂತ ಗಟ್ಟಿ ಅಂಬಲಿ ಸಲೀಸು, ಆದರೆ ಎಷ್ಟು ಗಟ್ಟಿ ಎಂಬುದನ್ನು ವೈದ್ಯರು ನೋಡಿ ಹೇಳಬೇಕು.

ಇದನ್ನು ನಾನು ಪುಸ್ತಕದಿಂದ ಕಲಿಯುವ ಮೊದಲೇ ನಮ್ಮ ಮನೆಯಲ್ಲಿ ನೋಡಿದ್ದೆ. ಅತ್ತಿ ಆ ಮಾತು ಆಡಿದ ಮಾರನೆಯ ತಿಂಗಳು ಅವ್ವ, ಅಪ್ಪನನ್ನು ಕರೆದುಕೊಂಡು, ಮುತ್ಯಾನನ್ನು ಬಂಡಿಯಲ್ಲಿ ಕೂಡಿಸಿ, ಊರಿನ ದವಸದ ಅಂಗಡಿಗೆ ಹೋದಳು. ತೊಗರಿ ಚೀಲ ತೂಗುವ ಕಾಟಾದ ಮೇಲೆ ಮಾವನನ್ನು ನಿಲ್ಲಿಸಿದಳು. ಮುತ್ಯಾ ಅಪ್ಪನ ಹೆಗಲು ಹಿಡಿದಿದ್ದ. "ಕೈ ಬಿಡ್ರಿ ಮಾವಾರೆ, ಖರೇ ತೂಕ ಬರಬೇಕು" ಎಂದಳಂತೆ. ಒಂದು ಕ್ಷಣ ಕೈ ಬಿಟ್ಟು ನಿಂತ. 46 ಕಿಲೊ. ಅವ್ವ ಮನೆಗೆ ಬಂದು ಗೋಡೆಯ ಕ್ಯಾಲೆಂಡರಿನ ಅಮಾಸಿಯ ಮನೆಯಲ್ಲಿ ಆ ಅಂಕಿ ಬರೆದಳು. ಅಲ್ಲಿಂದ ಪ್ರತಿ ಅಮಾಸಿಗೂ ಬಂಡಿ ಕಟ್ಟಿದಳು. 46, 45, ಮತ್ತೆ 45. ಎಳ್ಳಮಾಸಿಯ ದಿನ ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ ಸಜ್ಜಿರೊಟ್ಟಿ ಉಣಿಸಿ, ಸಂಜೆ ಬರುವಾಗ ಕಾಟಾಕ್ಕೆ ನಿಲ್ಲಿಸಿ ಬಂದಿದ್ದಾಳೆ. ಗುಳಿಗಿಯ ಹೊತ್ತು, ಬ್ಯಾಳಿಯ ಹೊತ್ತು ಬದಲಾಯಿಸಿದ್ದು ಶಿವರಾತ್ರಿಯ ಆಮೇಲೆ. ಯುಗಾದಿ ಅಮಾಸಿಗೆ 46 ಎಂದಿದೆ. ಕಾರಹುಣ್ಣಿಮೆಯ ತಿಂಗಳಿಗೆ 47.

ಆ ಕ್ಯಾಲೆಂಡರಿನ ಹಾಳೆಗಳು ಈಗಲೂ ನನ್ನ ಕಪಾಟಿನಲ್ಲಿವೆ. ಒಂದನ್ನು ಬಿಟ್ಟು ಎಲ್ಲ ಅಂಕಿಗಳೂ ಅವ್ವನ ಗುಂಡು ಅಕ್ಷರದಲ್ಲಿವೆ. ಮರುವರ್ಷ ಪಂಚಮಿಗೆ ಬಂದ ಅತ್ತಿ ಗೋಡೆಯ ಮುಂದೆ ನಿಂತು ಆ ಅಂಕಿಗಳನ್ನು ಒಂದೊಂದಾಗಿ ಓದಿದಳು. ಶ್ರಾವಣದ ಅಮಾಸಿಯವರೆಗೂ ತವರಲ್ಲೇ ಉಳಿದಳು. ಆ ಸಲ ಮುತ್ಯಾನನ್ನು ಕಾಟಾದ ಮೇಲೆ ನಿಲ್ಲಿಸಿದವಳು ಅವಳೇ. ಆ ತಿಂಗಳ ಮನೆಯಲ್ಲಿರುವ 47 ಮಾತ್ರ ಅವ್ವ ಬರೆದದ್ದಲ್ಲ, ಅತ್ತಿಯ ಕೈಬರಹ.